ಕೊಲೆಯೋ ಕೊಡುಗೆಯೋ: ಕರಿಹುಲಿಗಳ ಸಾವಿನ ಲೆಕ್ಕ

ನಾನು ಬಾಡಿಗೆಗಿರುವ ಮನೆ ಕೋಣನಕುಂಟೆಯ ಕಡೆಗಿದೆ. ಮನೆ ನೋಡಲು ಹೋದ ದಿನ ಮಾಲೀಕರು ಅಡ್ವಾನ್ಸಿನ ಮಾತು ಮುಗಿಸಿ, ನಾನು ಇತಿಹಾಸದ ವಿದ್ಯಾರ್ಥಿ ಎಂದು ತಿಳಿದ ಮೇಲೆ, 'ಹಾಗಾದ್ರೆ ನಿಮಗೆ ಗೊತ್ತಿರಬೇಕಲ್ಲ, ಶಿವರಾಸನ್ ಸತ್ತಿದ್ದು ಇಲ್ಲೇ' ಎಂದರು. 1991ರ ಆಗಸ್ಟಿನಲ್ಲಿ ಅವರಿನ್ನೂ ಕಾಲೇಜು ಹುಡುಗ. ಪೊಲೀಸರು ಮನೆಯನ್ನು ಸುತ್ತುವರಿದಿದ್ದು, ಜಾತ್ರೆಯಂತೆ ಜನ ಸೇರಿದ್ದು, ಎಲ್ಲವನ್ನೂ ನಿನ್ನೆ ನಡೆದಂತೆ ಹೇಳಿದರು. ಕೊನೆಗೆ ತಾವೇ ಒಂದು ಪ್ರಶ್ನೆ ಕೇಳಿದರು: 'ಅಲ್ಲ, ಅವರಿಗೆಲ್ಲ ತಲೆ ಕೆಟ್ಟಿತ್ತಾ? ಸಾಯೋದು ಅಂದ್ರೆ ತಮಾಷೆನಾ?'

ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಸಂಶೋಧನೆಯ ವಿಷಯ ಹೊಯ್ಸಳರ ಕಾಲದ ವೇಳೆವಾಳಿ ಶಾಸನಗಳು. ಒಡೆಯನಿಗಾಗಿ ಸಾಯುತ್ತೇನೆಂದು ಮಾತುಕೊಟ್ಟು, ಆ ಮಾತಿನಂತೆ ಸತ್ತವರ ಕಲ್ಲುಗಳು. ಏಳೆಂಟು ನೂರು ವರ್ಷಗಳ ಹಿಂದಿನ ಸಾವುಗಳ ಬಗ್ಗೆ ಸೆಮಿನಾರುಗಳಲ್ಲಿ ನಿರರ್ಗಳವಾಗಿ ಮಾತನಾಡುವ ನಾನು, ನನ್ನ ಬೀದಿಯ ಆಚೆ ನಡೆದ ಸಾವುಗಳ ಬಗ್ಗೆ ಏನೂ ಓದಿರಲಿಲ್ಲ. ಈ ಬರಹ ಆ ಮುಜುಗರದಿಂದ ಹುಟ್ಟಿದ್ದು.

ಮೊದಲು ಒಂದೆರಡು ಸಂಗತಿ. 1991ರ ಮೇ 21ರ ರಾತ್ರಿ ಶ್ರೀಪೆರುಂಬುದೂರಿನ ಚುನಾವಣಾ ಸಭೆಯಲ್ಲಿ ಧನು ಎಂಬ ಯುವತಿ ಸೊಂಟಕ್ಕೆ ಸ್ಫೋಟಕ ಕಟ್ಟಿಕೊಂಡು ರಾಜೀವ್ ಗಾಂಧಿಯವರ ಕಾಲಿಗೆರಗಲು ಬಾಗಿದಳು. ಆ ಸಂಚನ್ನು ನಡೆಸಿದ ಶಿವರಾಸನ್ ಮತ್ತವನ ಜೊತೆಗಾರರು ಮೂರು ತಿಂಗಳು ತಪ್ಪಿಸಿಕೊಂಡು ಕೊನೆಗೆ ಕೋಣನಕುಂಟೆಗೆ ಬಂದರು. ಆಗಸ್ಟ್ 20ರ ಬೆಳಗ್ಗೆ ಕಮಾಂಡೊಗಳು ಒಳನುಗ್ಗಿದಾಗ ಸಿಕ್ಕಿದ್ದು ಏಳು ಹೆಣಗಳು. ಅಂದು ರಾಜೀವ್ ಹುಟ್ಟಿದ ದಿನ. ಎ.ಎಂ.ಆರ್. ರಮೇಶ್ ಇದನ್ನೇ 2006ರಲ್ಲಿ 'ಸೈನೈಡ್' ಎಂಬ ಕನ್ನಡ ಸಿನಿಮಾ ಮಾಡಿದರು.

ಸೈನೈಡ್ ತುಂಬಿದ ಆ ಗಾಜಿನ ಕೊಳವೆಗೆ ಹುಲಿಗಳು ಇಟ್ಟ ಹೆಸರು 'ಕುಪ್ಪಿ'. ನಮ್ಮ ಅಜ್ಜಿಯಂದಿರು ಎಣ್ಣೆ ಇಡುತ್ತಿದ್ದ ಕುಪ್ಪಿಯೇ. ಎಲ್‌ಟಿಟಿಇಯ ಪ್ರತಿ ಹೋರಾಟಗಾರನೂ ಅದನ್ನು ಕರಿದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ. ಸೆರೆ ಸಿಕ್ಕರೆ ಕಚ್ಚುವುದು. ಈ ರೂಢಿಯ ಮೂಲವನ್ನು ಪೊನ್ನುದುರೈ ಶಿವಕುಮಾರನ್ ಎಂಬ ವಿದ್ಯಾರ್ಥಿಯಲ್ಲಿ ಹುಡುಕುತ್ತಾರೆ; 1974ರ ಜೂನ್ 5ರಂದು ಜಾಫ್ನಾ ಬಳಿ ಪೊಲೀಸರ ಕೈಗೆ ಸಿಗುವ ಬದಲು ವಿಷ ನುಂಗಿದ ಹುಡುಗ. ಸ್ಫೋಟಕಕ್ಕಿಂತ ಕುಪ್ಪಿ ಹದಿಮೂರು ವರ್ಷ ಹಿರಿಯದು ಎನ್ನುವುದನ್ನು ನೆನಪಿಡಬೇಕು. ಯಾರನ್ನಾದರೂ ಕೊಲ್ಲುವ ಉಪಾಯವಾಗಿ ಬರುವ ಮುಂಚೆಯೇ ಸ್ವಂತ ಸಾವು ಆ ಸಂಘಟನೆಯಲ್ಲಿ ದಿನನಿತ್ಯದ ಒಡವೆಯಾಗಿತ್ತು.

ಮೊದಲ 'ಕರುಂಪುಲಿ', ಅಂದರೆ ಕರಿಹುಲಿ, ಕ್ಯಾಪ್ಟನ್ ಮಿಲ್ಲರ್. 1987ರ ಜುಲೈ 5ರಂದು ನೆಲ್ಲಿಯಡಿಯ ಶಾಲೆಯೊಂದರಲ್ಲಿ ಬೀಡುಬಿಟ್ಟಿದ್ದ ಶ್ರೀಲಂಕಾ ಸೇನೆಯ ಮೇಲೆ ಸ್ಫೋಟಕ ತುಂಬಿದ ಲಾರಿಯನ್ನು ನುಗ್ಗಿಸಿದ. ವಯಸ್ಸು 21. ನಾಲ್ಕು ವರ್ಷ ಮುಂಚೆ, 1983ರ ಅಕ್ಟೋಬರಿನಲ್ಲಿ, ಬೈರೂತಿನಲ್ಲಿ ಇಂಥದೇ ಲಾರಿಯೊಂದು 241 ಅಮೆರಿಕನ್ ಸೈನಿಕರನ್ನು ಕೊಂದಿತ್ತು. ಅದಾಗಿ ಕೆಲವೇ ತಿಂಗಳಲ್ಲಿ ಅಮೆರಿಕ ಲೆಬನಾನಿನಿಂದ ಕಾಲ್ತೆಗೆಯಿತು. ಆ ಪಾಠವನ್ನು ಜಗತ್ತಿನ ಬಹಳಷ್ಟು ಸಶಸ್ತ್ರ ಗುಂಪುಗಳು ಓದಿಕೊಂಡವು.

ಇನ್ನು ಪ್ರಶ್ನೆಗೆ ಬರೋಣ. ಯಾಕೆ?

ತಲೆ ಕೆಟ್ಟಿತ್ತು ಎನ್ನುವುದು ಸುಲಭದ ಉತ್ತರ. ಆದರೆ ತಿಂಗಳುಗಟ್ಟಲೆ ಗುಟ್ಟು ಕಾಯಬೇಕಾದ, ಜನಜಂಗುಳಿಯಲ್ಲಿ ನಗುತ್ತಾ ನಿಲ್ಲಬೇಕಾದ ಕೆಲಸಕ್ಕೆ ಮನಸ್ಸು ಹದ ತಪ್ಪಿದವರನ್ನು ಯಾವ ಸಂಘಟನೆಯೂ ಆರಿಸುವುದಿಲ್ಲ. ಎಲ್‌ಟಿಟಿಇ ಕರಿಹುಲಿಗಳನ್ನು ಆಯುತ್ತಿದ್ದುದು ಯುದ್ಧದಲ್ಲಿ ಪಳಗಿದವರ ನಡುವಿನಿಂದ. ಬಡತನವೇ? ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಲೆಚ್ಕೋವಾ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಬಡತನಕ್ಕೂ ಭಯೋತ್ಪಾದನೆಗೂ ನೇರ ನಂಟು ಕಾಣಲಿಲ್ಲ. ಧರ್ಮವೇ? ಇಲ್ಲಿ ಎಲ್‌ಟಿಟಿಇಯ ಉದಾಹರಣೆ ಎಲ್ಲರ ಲೆಕ್ಕ ತಪ್ಪಿಸುತ್ತದೆ. ಅದರಲ್ಲಿ ಹಿಂದೂಗಳಿದ್ದರು, ಕ್ರೈಸ್ತರಿದ್ದರು. ಸ್ವರ್ಗದ ಆಮಿಷವನ್ನು ಸಂಘಟನೆ ಯಾರಿಗೂ ಒಡ್ಡಲಿಲ್ಲ. ರಾಬರ್ಟ್ ಪೇಪ್ 1980ರಿಂದ 2003ರವರೆಗಿನ 315 ಆತ್ಮಾಹುತಿ ದಾಳಿಗಳನ್ನು ಪಟ್ಟಿ ಮಾಡಿದಾಗ, ಅವುಗಳಲ್ಲಿ 76 ಈ ಧರ್ಮನಿರಪೇಕ್ಷ ಸಂಘಟನೆಯದಾಗಿದ್ದವು; ಬೇರೆ ಯಾವ ಗುಂಪಿನದೂ ಅಷ್ಟಿರಲಿಲ್ಲ. ಪರಕೀಯ ಸೇನೆಯನ್ನು ತನ್ನ ನೆಲದಿಂದ ಓಡಿಸುವ ತಂತ್ರವಿದು ಎನ್ನುವುದು ಪೇಪ್ ವಾದ. ಒಪ್ಪಬಹುದು. ಆದರೆ ಅದು ಸಂಘಟನೆ ಯಾಕೆ ಈ ಆಯುಧ ಹಿಡಿಯಿತು ಎಂಬುದಕ್ಕೆ ಉತ್ತರ. ಆಯುಧ ತಾನೇ ಯಾಕೆ ಆಯುಧವಾಗಲು ಒಪ್ಪಿತು? ನಮ್ಮ ಮಾಲೀಕರು ಕೇಳಿದ್ದು ಅದನ್ನು.

ಅವಮಾನದ ಪಟ್ಟಿ ಉದ್ದವಿದೆ. 1956ರ ಸಿಂಹಳ ಮಾತ್ರ ಕಾಯಿದೆ. ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯದ ಪ್ರವೇಶಕ್ಕೆ ತಮಿಳು ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆಯಬೇಕಾಗಿ ಬಂದದ್ದು. 1981ರ ಜೂನ್ ಮೊದಲ ದಿನದ ಹೊತ್ತಿಗೆ ಜಾಫ್ನಾ ಗ್ರಂಥಾಲಯದ ಸುಮಾರು 97,000 ಪುಸ್ತಕಗಳು, ಓಲೆಗರಿಗಳು ಬೂದಿಯಾದದ್ದು. 1983ರ ಜುಲೈಯಲ್ಲಿ ಕೊಲಂಬೊ ಬೀದಿಗಳಲ್ಲಿ ತಮಿಳರ ಮಾರಣಹೋಮ. 1987ರಲ್ಲಿ ಬಂದ ಭಾರತದ ಶಾಂತಿಪಾಲನಾ ಪಡೆ ಮೂರೇ ತಿಂಗಳಲ್ಲಿ ಹುಲಿಗಳ ಮೇಲೆ ಯುದ್ಧಕ್ಕಿಳಿದದ್ದೂ ಇದಕ್ಕೆ ಸೇರಿತು. ಇಷ್ಟನ್ನೂ ಲಕ್ಷಾಂತರ ಜನ ಅನುಭವಿಸಿದರು. ಅವರಲ್ಲಿ ಕರಿಹುಲಿಗಳಾಗಿ ಸತ್ತವರು, ಸಂಘಟನೆಯ ಲೆಕ್ಕದಂತೆಯೇ, ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು. ನೋವು ಬೇಕು, ಆದರೆ ನೋವಷ್ಟೇ ಸಾಲದು.

ನನ್ನನ್ನು ತಡೆದು ನಿಲ್ಲಿಸಿದ್ದು ಭಾಷೆ. ತಮಿಳಿನಲ್ಲಿ ಆತ್ಮಹತ್ಯೆಗೆ 'ತರ್ಕೊಲೈ' ಎನ್ನುತ್ತಾರೆ, ತನ್ನ ಕೊಲೆ. ಹುಲಿಗಳು ಒಂದೇ ಅಕ್ಷರ ಬದಲಿಸಿ ಕರಿಹುಲಿಯ ಸಾವನ್ನು 'ತರ್ಕೊಡೈ' ಎಂದರು, ತನ್ನ ಕೊಡುಗೆ. ಸತ್ತ ಹೋರಾಟಗಾರನ ದೇಹ ಹೆಣವಲ್ಲ, 'ವಿತ್ತುಡಲ್'. ವಿತ್ತು ಎಂದರೆ ನಮ್ಮ ಬಿತ್ತು, ಬಿತ್ತನೆಯ ಬೀಜ. ಅದನ್ನು ಹೂಳುತ್ತಿರಲಿಲ್ಲ, ಬಿತ್ತುತ್ತಿದ್ದರು. ಬಿತ್ತುವ ಜಾಗ ಸ್ಮಶಾನವಲ್ಲ, 'ತುಯಿಲುಂ ಇಲ್ಲಂ', ನಿದ್ರಿಸುವ ಮನೆ. ಪ್ರತಿ ನವೆಂಬರ್ 27ರಂದು, ಮಾವೀರರ ದಿನ, ಆ ಸಾಲು ಸಾಲು ಸಮಾಧಿಗಳ ಮುಂದೆ ಹೆತ್ತವರು ದೀಪ ಹಚ್ಚಬೇಕಿತ್ತು. ದೇಹ ಸಿಗದವರಿಗೆ 'ನಡುಕಲ್'. ಈ ಪದ ಓದಿದಾಗ ನಾನು ಪುಸ್ತಕ ಮುಚ್ಚಿ ಎದ್ದು ಓಡಾಡಿದೆ. ನೆಟ್ಟ ಕಲ್ಲು! ನಾನು ಐದು ವರ್ಷದಿಂದ ಹೊಲದ ಬದುಗಳಲ್ಲಿ ಹುಡುಕುತ್ತಿರುವ ಕಲ್ಲುಗಳ ಸೋದರ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದ ಗರುಡಗಂಬವನ್ನು ನೋಡಿದವರಿಗೆ ಇದು ಅರ್ಥವಾಗಬಹುದು. ಹದಿಮೂರನೇ ಶತಮಾನದ ಮೊದಲ ಭಾಗದಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ ಹೆಂಡತಿಯೊಡನೆ, ಸಂಗಡಿಗರೊಡನೆ ಪ್ರಾಣಬಿಟ್ಟ ಕತೆಯನ್ನು ಅದರ ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಕಂಬದ ಮೇಲೆ ಕೆತ್ತಿದ್ದಾರೆ. ವೇಳೆವಾಳಿ, ಲೆಂಕ, ಗರುಡ, ಜೋಳವಾಳಿ: ಉಂಡ ಅನ್ನದ ಋಣ ತೀರಿಸುವ ಸಾವಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳು ಎಷ್ಟೊಂದು.

ಕರಿಹುಲಿ ವೇಳೆವಾಳಿಯ ವಾರಸುದಾರ ಎಂದು ಉತ್ಸಾಹದಲ್ಲಿ ಒಂದು ಪ್ರಬಂಧವನ್ನೇ ಬರೆದೆ. ನನ್ನ ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದು ವಾಪಸು ಕೊಟ್ಟರು: 'ಹಾಗಾದರೆ ಹಾಸನ ಜಿಲ್ಲೆಯಲ್ಲಿ ಯಾಕೆ ಆಗಲಿಲ್ಲ?' ಸಿಟ್ಟು ಬಂತು, ಆಮೇಲೆ ಸರಿ ಎನಿಸಿತು. ಕಲ್ಲುಗಳು ನಮ್ಮಲ್ಲೂ ಇವೆ, ತಮಿಳುನಾಡಿನಲ್ಲೂ ಇವೆ. ಸಂಸ್ಕೃತಿ ಯಾರನ್ನೂ ಲಾರಿ ಹತ್ತಿಸಲಿಲ್ಲ. ಇಪ್ಪತ್ತನೇ ಶತಮಾನದ ಒಂದು ಸಂಘಟನೆ ಹಳೆಯ ಅಟ್ಟದಿಂದ ತನಗೆ ಬೇಕಾದ ಪಾತ್ರೆಗಳನ್ನಷ್ಟೇ ಇಳಿಸಿಕೊಂಡಿತು. ಅದಕ್ಕಿಂತ ಮುಖ್ಯ ವ್ಯತ್ಯಾಸ ಇನ್ನೊಂದಿದೆ. ಕುವರಲಕ್ಷ್ಮ ತನ್ನ ಸಾವಿನಲ್ಲಿ ದಾರಿಹೋಕರನ್ನು ಸೇರಿಸಿಕೊಳ್ಳಲಿಲ್ಲ.

ಆದರೂ ಋಣ ಎಂಬ ಮಾತನ್ನು ನಾನು ಬಿಡಲಾರೆ. ಕರಿಹುಲಿಯಾಗಲು ಪ್ರಭಾಕರನ್‌ಗೆ ಅರ್ಜಿ ಬರೆಯಬೇಕಿತ್ತು. ಅರ್ಜಿಗಳು ಬೇಕಾದ್ದಕ್ಕಿಂತ ಹೆಚ್ಚು ಬರುತ್ತಿದ್ದವು. ಆಯ್ಕೆಯಾದವರು ಹೊರಡುವ ಮೊದಲು ನಾಯಕನ ಜೊತೆ ಕೂತು ಊಟ ಮಾಡುತ್ತಿದ್ದರು, ಫೋಟೊ ತೆಗೆಸಿಕೊಳ್ಳುತ್ತಿದ್ದರು. ಈ ಹುಡುಗ ಹುಡುಗಿಯರು ಹತ್ತಾರು ಗೆಳೆಯರನ್ನು ಹೂತವರು, ಹೂತದ್ದಲ್ಲ ಬಿತ್ತಿದ್ದು ಎಂದು ಹೇಳಿಸಿಕೊಂಡವರು. ಸತ್ತವರು ಅಷ್ಟು ಹತ್ತಿರ ಮಲಗಿರುವಾಗ ಬದುಕಿರುವುದೇ ಬಾಕಿ ಉಳಿಸಿಕೊಂಡಂತೆ. ಆ ಊಟ ಬಾಕಿಗೆ ಮುದ್ರೆ ಒತ್ತುತ್ತಿತ್ತು. ಫೋಟೊ ತೆಗೆದ ಮೇಲೆ ನೀನು ಸತ್ತವರ ಪಟ್ಟಿಯವನು. ಮನಸ್ಸು ಬದಲಾಯಿಸಿದರೆ ಹಿಂದಿರುಗಲು ಯಾವ ಮುಖವಿದೆ? ಸ್ವಇಚ್ಛೆ ಎಂಬ ಪದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಎಲ್‌ಟಿಟಿಇ ಸೇರುವುದು ಸುಲಭ, ಬಿಡುವುದು ಹಾಗಲ್ಲ. ಮಕ್ಕಳನ್ನೂ ಅದು ಸೇರಿಸಿಕೊಂಡಿತು. ಕೊನೆಯ ವರ್ಷಗಳಲ್ಲಂತೂ ಮನೆಗೊಬ್ಬರನ್ನು ಬಲವಂತವಾಗಿ ಎಳೆದೊಯ್ದಿತು.

ನನ್ನ ಈ ವಿವರಣೆಯಲ್ಲೂ ಒಂದು ತೂತಿದೆ. ದೀಪ, ಕಲ್ಲು, ಹೆಸರು ಇವೇ ಪ್ರೇರಣೆಯಾದರೆ, ಹೆಸರೇ ಸಿಗದವರು ಯಾಕೆ ಸತ್ತರು? 1996ರ ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ನುಗ್ಗಿದ ಲಾರಿ ಸುಮಾರು 90 ಜನರನ್ನು ಕೊಂದಿತು. ಗುಮಾಸ್ತರು, ಬೀದಿಯಲ್ಲಿ ನಡೆಯುತ್ತಿದ್ದವರು. ಅದನ್ನು ಸಂಘಟನೆ ತನ್ನದೆನ್ನಲಿಲ್ಲ. 1999ರ ಜುಲೈ 29ರಂದು ನೀಲನ್ ತಿರುಚೆಲ್ವಂ ಅವರ ಕಾರಿನ ಮೇಲೆ ಬಿದ್ದವನಿಗೂ ಕಲ್ಲಿಲ್ಲ. ನೀಲನ್ ತಮಿಳರೇ, ಅಧಿಕಾರ ಹಂಚಿಕೆಯ ಸಂವಿಧಾನವನ್ನು ಕರಡು ಮಾಡುತ್ತಿದ್ದ ವಿದ್ವಾಂಸ, ಅದೇ ಅವರ ಅಪರಾಧ. ರಾಜೀವ್ ಹತ್ಯೆಯನ್ನೂ ಎಲ್‌ಟಿಟಿಇ ಹಲವು ವರ್ಷ ನಿರಾಕರಿಸಿತು. 2006ರಲ್ಲಿ ಆಂಟನ್ ಬಾಲಸಿಂಗಂ ಅದೊಂದು ದೊಡ್ಡ ದುರಂತ ಎಂದಷ್ಟೇ ಹೇಳಿದರು. ಇಂಥ ಕೆಲಸಕ್ಕೆ ಹೋದವರಿಗೆ ತಮ್ಮ ಹೆಸರು ಘೋಷಣೆಯಾಗದು ಎಂದು ಗೊತ್ತಿತ್ತು. ಅವರ ಪಾಲಿಗೆ ಲೋಕ ಬಹಳ ಕಿರಿದಾಗಿತ್ತು ಎಂದು ನನ್ನ ಊಹೆ: ಊಟಕ್ಕೆ ಕೂತ ನಾಲ್ಕೈದು ಜನ ಬಲ್ಲರಲ್ಲ, ಸಾಕು. ಗುಂಪು ಚಿಕ್ಕದಾದಷ್ಟೂ ಅದರ ಕಣ್ಣು ದೊಡ್ಡದು.

ಧನುವಿನ ಬಗ್ಗೆ ಒಂದು ಕತೆ ಎಲ್ಲರ ಬಾಯಲ್ಲಿದೆ. ಭಾರತೀಯ ಸೈನಿಕರು ಅವಳ ಮೇಲೆ ಅತ್ಯಾಚಾರ ಮಾಡಿದ್ದರು, ಅದಕ್ಕೇ ಸೇಡು, ಎಂದು. ಆ ಪಡೆಯ ಮೇಲೆ ಅಂಥ ದೂರುಗಳು ಇದ್ದುದು ನಿಜ. ಆದರೆ ಧನುವಿನ ವಿಷಯದಲ್ಲಿ ಗಟ್ಟಿ ಪುರಾವೆ ಇಲ್ಲ. ನನಗೆ ಕುತೂಹಲ ಇರುವುದು ಆ ಕತೆ ನಮಗೆ ಯಾಕೆ ಅಷ್ಟು ಬೇಕು ಎಂಬುದರಲ್ಲಿ. ಮಿಲ್ಲರ್ ಲಾರಿ ಓಡಿಸಿದರೆ ರಾಜಕೀಯ ಎನ್ನುತ್ತೇವೆ. ಹೆಂಗಸು ಅದೇ ಕೆಲಸ ಮಾಡಿದರೆ ಮೈಗಾದ ಗಾಯ ಹುಡುಕುತ್ತೇವೆ. ಅವಳೂ ಅರ್ಜಿ ಬರೆದಿರಬಹುದು, ಅವಳಿಗೂ ಗುರಿ, ಹಟ, ಕ್ರೌರ್ಯ ಇದ್ದಿರಬಹುದು ಎಂದು ಒಪ್ಪಲು ಯಾಕೋ ಹಿಂಜರಿಕೆ.

ನಮ್ಮ ಪತ್ರಿಕೆಗಳು 1991ರಲ್ಲಿ ಅವಳನ್ನು 'ಮಾನವ ಬಾಂಬ್' ಎಂದವು. ಈಗ 'ಆತ್ಮಾಹುತಿ ದಾಳಿ' ಎಂದು ಬರೆಯುತ್ತೇವೆ, ಈ ಲೇಖನದಲ್ಲಿ ನಾನೂ ಬರೆದಿದ್ದೇನೆ. ಆಹುತಿ ಎಂದರೆ ಯಜ್ಞದ ಬೆಂಕಿಗೆ ಅರ್ಪಿಸಿದ್ದು. ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದವರು ಛಿದ್ರವಾದ ಸುದ್ದಿಗೂ ಕನ್ನಡ ಯಜ್ಞದ ಪದವನ್ನೇ ಹಚ್ಚುತ್ತದೆ. ತರ್ಕೊಡೈ ಎಂಬ ಪದವನ್ನು ಹುಲಿಗಳು ಕೂತು ಹೊಸೆಯಬೇಕಾಯಿತು. ನಾವು ನಮ್ಮ ಪದವನ್ನು ಪುಕ್ಕಟೆ ಕೊಟ್ಟಿದ್ದೇವೆ.

ಶ್ರೀಪೆರುಂಬುದೂರಿನಲ್ಲಿ ಸತ್ತ ಛಾಯಾಗ್ರಾಹಕನ ಕ್ಯಾಮೆರಾ ಮಾತ್ರ ಉಳಿಯಿತು. ಅದರೊಳಗಿನ ಒಂದು ಚಿತ್ರ ತಿಂಗಳುಗಟ್ಟಲೆ ನನ್ನ ಮೇಜಿನ ಮೇಲಿತ್ತು. ಗಂಧದ ಹಾರ ಹಿಡಿದು ಸರದಿಗಾಗಿ ಕಾಯುತ್ತಿರುವ, ಕನ್ನಡಕ ತೊಟ್ಟ ಧನು. ಅವಳ ಮುಖದಲ್ಲಿ ಏನಾದರೂ ಓದಲು ಸಿಗುತ್ತದೆಯೇ ಎಂದು ಅದೆಷ್ಟು ಸಲ ದಿಟ್ಟಿಸಿದ್ದೇನೋ. ಏನೂ ಸಿಗಲಿಲ್ಲ. ಆಮೇಲೊಂದು ದಿನ ಅವಳ ಪಕ್ಕದಲ್ಲೇ ನಿಂತಿದ್ದ ಹುಡುಗಿ ಕಣ್ಣಿಗೆ ಬಿದ್ದಳು. ಶಾಲೆಗೆ ಹೋಗುವ ವಯಸ್ಸು. ಅಮ್ಮನ ಜೊತೆ ಬಂದಿದ್ದಳು, ರಾಜೀವ್ ಗಾಂಧಿಯ ಮುಂದೆ ಒಂದು ಕವಿತೆ ಓದಲು.