ತಂಬೋಲ, ಚೌಕಾಬಾರ ಮತ್ತೆ ಮುಮ್ಮಡಿ ದೊರೆಗಳು

ನಮ್ಮ ಮೈಸೂರಿಗೆ ನೆಂಟರು ಬಂದ್ರೆ ಹಗಲೆಲ್ಲ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ ಸುತ್ತೋದು, ರಾತ್ರಿ ಊಟ ಆದ್ಮೇಲೆ ಚಾಪೆ ಹಾಸ್ಕೊಂಡು ತಂಬೋಲ ಆಡೋದು. ಕೆಲವರು ಇದನ್ನೇ ಹೌಸಿ ಅಂತಾರೆ. ಚೀಟಿಲಿ ಮೂರು ಸಾಲು, ಸಾಲಿಗೆ 5ರಂತೆ 15 ನಂಬರು. 1ರಿಂದ 90ರ ತನಕ ಯಾವ್ದು ಬರತ್ತೋ ಕೂಗ್ತಾರೆ, ನಮ್ಮ ಚೀಟಿಲಿದ್ರೆ ಹೊಡ್ಕೊಳ್ಳೋದು. ಅಷ್ಟೇ ಆಟ.

ಇದು ಇಟಲಿ ದೇಶದ ಆಟ. ನೇಪಲ್ಸ್ ಕಡೆ ಕ್ರಿಸ್‌ಮಸ್ ಹಬ್ಬಕ್ಕೆ ಮನೆಮಂದಿಯೆಲ್ಲ ಕೂತು ಇದನ್ನ ಆಡ್ತಾರೆ, ಅಲ್ಲಿ ಹೆಸರು ತೋಂಬೋಲ. ಅಮೆರಿಕದ ಬಿಂಗೋನೂ ಇದೇ ಜಾತಿದು, ಆದ್ರೆ ಅಲ್ಲಿ ಐದೈದ್ಲಿ 25 ಮನೆ. ಈ 25 ಮನೆ ಅಂದ ತಕ್ಷಣ ನಮ್ಮ ಕಡೆಯವ್ರಿಗೆ ನೆನಪಾಗೋದು ಚೌಕಾಬಾರ. ಎರಡಕ್ಕೂ ಸಂಬಂಧ ಏನಿಲ್ಲ. ಆದ್ರೆ ಮೈಸೂರು ನೋಡೋಕ್ ಬಂದವರು ನಮ್ಮ ಆಟದ ಕಥೆ ಕೇಳ್ದೆ ಹೋಗ್ಬಾರ್ದು, ಯಾಕಂದ್ರೆ ಈ ಊರಿನ ಒಬ್ಬ ದೊರೆ ಆಟಗಳಿಗೇ ವರ್ಷಗಟ್ಟಲೆ ಮನಸ್ಸು ಕೊಟ್ಟಿದ್ರು.

ಅವರು ಮುಮ್ಮಡಿ ಕೃಷ್ಣರಾಜ ಒಡೆಯರು. ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ತೀರಿಹೋದ ಮೇಲೆ ಐದು ವರ್ಷದ ಮಗುವನ್ನ ಇಂಗ್ಲಿಷರು ಪಟ್ಟಕ್ಕೆ ಕೂರಿಸಿದ್ರು. ದೊಡ್ಡವರಾಗಿ ರಾಜ್ಯ ನಡೆಸ್ತಿದ್ದಾಗ ನಗರದ ಕಡೆ ರೈತರ ದಂಗೆ ಆಯ್ತು. ಅದನ್ನೇ ನೆಪ ಮಾಡ್ಕೊಂಡು 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ಕೊಂಡ್ರು. ದೊರೆ ಅನ್ನೋ ಹೆಸರು ಉಳೀತು, ಅಧಿಕಾರ ಹೋಯ್ತು. 1868ರಲ್ಲಿ ತೀರಿಹೋಗೋವರೆಗೆ 37 ವರ್ಷ ಹಾಗೇ ಇದ್ರು.

ಅಷ್ಟೂ ವರ್ಷ ಅವರು ಸುಮ್ನೆ ಕೂರ್ಲಿಲ್ಲ. ರಾಜ್ಯ ವಾಪಸ್ ಕೊಡಿ ಅಂತ ಕೇಳೋದು ಬಿಡ್ಲಿಲ್ಲ. ಜೊತೆಗೆ ಪುಸ್ತಕ ಬರೆಸಿದ್ರು, ಚಿತ್ರ ಬರೆಸಿದ್ರು, ಆಟ ಕಟ್ಟಿದ್ರು. ಅವರ ಹೆಸರಿನ ಶ್ರೀತತ್ತ್ವನಿಧಿ ಗ್ರಂಥದ ಕೊನೇ ಭಾಗ ಕೌತುಕನಿಧಿ, ಅದ್ರಲ್ಲಿ ಆಟಗಳ ವಿಚಾರ ಇದೆ. ಚದುರಂಗದ ಕುದುರೆ 64 ಮನೆಗೂ ಒಂದೊಂದೇ ಸಲ ಕಾಲಿಟ್ಟು ಬರೋ ದಾರಿಗಳನ್ನ ಲೆಕ್ಕ ಹಾಕಿ ಕಂಡುಹಿಡಿದಿದ್ರು. ಗಂಜೀಫ ಎಲೆಗಳಿಗೂ ಅವರ ಕಾಲದಲ್ಲಿ ಬೆಲೆ ಬಂತು. ದಶಾವತಾರ ಗಂಜೀಫದಲ್ಲಿ ಅವತಾರಕ್ಕೆ 12ರಂತೆ 120 ಎಲೆ, ಎಲ್ಲಾ ಗುಂಡಗಿರತ್ವೆ.

1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆ ಮೇಲೆ ಆಟದ ಮಣೆಗಳ ಚಿತ್ರಾನೂ ಇದಾವೆ. 1897ರಲ್ಲಿ ಹಳೇ ಅರಮನೆ ಸುಟ್ಟುಹೋಯ್ತಲ್ಲ, ಅದಕ್ಕೇ 1902ರಲ್ಲಿ ನಾಲ್ವಡಿಯವರ ಪಟ್ಟಾಭಿಷೇಕ ಇಲ್ಲೇ ನಡೀತು. ನೆಂಟರೆಲ್ಲ ಇಲ್ಲಿ ರವಿವರ್ಮನ ಚಿತ್ರ ನೋಡಿ, ದೀಪ ಹಿಡಿದ ಹೆಂಗಸಿನ ಮುಂದೆ ನಿಂತು ವಾಪಸ್ ಹೊರಟುಬಿಡ್ತಾರೆ.

ದೊರೆಗಳ ಆಟ ಗೋಡೆ ಮೇಲೆ ಉಳೀತು. ನಮ್ಮ ಅಜ್ಜಿಯರ ಆಟ ನೆಲದ ಮೇಲಿತ್ತು. ಬಳಪದಲ್ಲಿ 25 ಮನೆ ಬರೆದು, ನಾಲ್ಕು ಕವಡೆ ಇಲ್ದಿದ್ರೆ ಹುಣಸೆ ಬೀಜ ಒಂದು ಕಡೆ ತೇಯ್ದು ಆಡ್ತಿದ್ರು. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕೂ ಮಗುಚಿ ಬಿದ್ರೆ ಬಾರ, ಅಂದ್ರೆ ಎಂಟು. ಎದುರಾಳಿ ಕಾಯಿ ಒಂದನ್ನಾದ್ರೂ ಹೊಡೀದೆ ಒಳಗಿನ ಸುತ್ತಿಗೆ ಹೋಗಂಗಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣಾಯ್ತು ಅಂತಾರೆ. ಆಟ ಮುಗಿದ್ಮೇಲೆ ನೆಲ ಒರೆಸಿಬಿಟ್ರೆ ಗುರುತೂ ಇರ್ತಿರ್ಲಿಲ್ಲ. ಹಾಗಾಗಿ ಕಲಿಸೋರು ಇದ್ರೆ ಮಾತ್ರ ಅದು ಉಳಿಯತ್ತೆ.

ತಂಬೋಲದಲ್ಲಿ ಎಲ್ಲಾ ಅದೃಷ್ಟ. ಚೌಕಾಬಾರದಲ್ಲಿ ಕವಡೆ ಬೀಳೋದು ಅದೃಷ್ಟ, ಯಾವ ಕಾಯಿ ನಡೆಸ್ಬೇಕು ಅನ್ನೋದು ನಮ್ಮ ಬುದ್ಧಿ. ಬಿದ್ದಿದ್ರಲ್ಲೇ ದಾರಿ ಹುಡುಕ್ಬೇಕು. ಮುಮ್ಮಡಿಯವರು ಮಾಡಿದ್ದೂ ಅದೇ ಅಂತ ನಂಗನ್ಸತ್ತೆ. ಅಧಿಕಾರ ಅವರಿಗೆ ಸಿಗದಿದ್ರೂ, ಕೊನೆಗಾಲದಲ್ಲಿ ತಗೊಂಡ ದತ್ತುಮಗ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯ ವಾಪಸ್ ಬಂತು.

ಆಟ ಅಂದ್ರೆ ಕೆಲಸ ಇಲ್ದೋರ ಕಾಲಹರಣ ಅನ್ನೋರಿಗೆ ಈ ಕಥೆ ಹೇಳಿ. ಮುಂದಿನ ಸಲ ನೆಂಟರು ಬಂದಾಗ ತಂಬೋಲ ಎರಡು ಸುತ್ತು ಆಗ್ಲಿ, ಮಿಕ್ಕ ಹೊತ್ತು ಒಂದು ಬಳಪ ತಗೊಂಡು ಮಕ್ಕಳಿಗೆ 25 ಮನೆ ಬರ್ಕೊಡಿ.