ಸಸ್ಕ್ಯಾಚುವಾನ್ ಪ್ರಾಂತೀಯ ಹೆದ್ದಾರಿ ಸಂಖ್ಯೆ 32 (ಲೀಡರ್ – ಸ್ವಿಫ್ಟ್ ಕರೆಂಟ್)

ಕೆನಡಾ ದೇಶದ ಸಸ್ಕ್ಯಾಚುವಾನ್ ಪ್ರಾಂತ್ಯದ ನೈಋತ್ಯ ಭಾಗದ ಹುಲ್ಲುಗಾವಲು ಬಯಲಿನಲ್ಲಿ ಹಾದುಹೋಗುವ ಹೆದ್ದಾರಿ ಸಂಖ್ಯೆ 32, ಲೀಡರ್ ಪಟ್ಟಣದ ಬಳಿ ಹೆದ್ದಾರಿ ಸಂಖ್ಯೆ 21ರಿಂದ ಹೊರಟು ಸ್ವಿಫ್ಟ್ ಕರೆಂಟ್ ನಗರದಲ್ಲಿ ಟ್ರಾನ್ಸ್-ಕೆನಡಾ ಹೆದ್ದಾರಿಯನ್ನು ಸೇರುತ್ತದೆ. ಇದರ ಉದ್ದ ಸುಮಾರು 150 ಕಿ.ಮೀ. ಪ್ರೆಲೇಟ್, ಸೆಪ್ಟರ್, ಲ್ಯಾನ್ಸರ್, ಅಬ್ಬೆ, ಕ್ಯಾಬ್ರಿ ಹಾಗೂ ಸಕ್ಸಸ್ ಎಂಬ ಊರುಗಳು ಈ ಮಾರ್ಗದಲ್ಲಿವೆ. ಲೀಡರ್‌ನ ಜನಸಂಖ್ಯೆ ಒಂದು ಸಾವಿರಕ್ಕಿಂತ ಕಡಿಮೆ. ಮೊದಲು ಪ್ರಷ್ಯಾ ಎಂದಿದ್ದ ಈ ಊರಿನ ಹೆಸರನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬದಲಾಯಿಸಲಾಯಿತು.

ಸಂಚಾರ ವಿರಳವಾದರೂ ಸದರಿ ರಸ್ತೆಯು ಈ ಭಾಗದ ನಿವಾಸಿಗಳಿಗೆ ಅತ್ಯವಶ್ಯಕವಾದುದು. ಪ್ರಾದೇಶಿಕ ಆಸ್ಪತ್ರೆಯು ಸ್ವಿಫ್ಟ್ ಕರೆಂಟ್‌ನಲ್ಲಿದ್ದು, ರೋಗಿಗಳನ್ನು ಕರೆದೊಯ್ಯುವ ಆಂಬುಲೆನ್ಸ್ ಹಾಗೂ ಧಾನ್ಯ ತುಂಬಿದ ಲಾರಿ ಎರಡೂ ಇದೇ ರಸ್ತೆಯನ್ನು ಅವಲಂಬಿಸಿವೆ.

ಪ್ರಾಂತ್ಯದ ಸಾವಿರಾರು ಕಿ.ಮೀ. ಗ್ರಾಮೀಣ ಹೆದ್ದಾರಿಗಳನ್ನು ಧೂಳು ತಡೆಯುವ ಉದ್ದೇಶದಿಂದ, ಜಲ್ಲಿಯ ತಳಹದಿ ಇಲ್ಲದೆ, ಗಟ್ಟಿಗೊಳಿಸಿದ ಮಣ್ಣಿನ ಮೇಲೆಯೇ ಡಾಂಬರಿನ ತೆಳು ಪದರ ಹಾಕಿ ನಿರ್ಮಿಸಲಾಗಿತ್ತು. ಆಗ ಧಾನ್ಯವು ಮುಖ್ಯವಾಗಿ ರೈಲಿನಲ್ಲಿ ಸಾಗುತ್ತಿದ್ದುದರಿಂದ ರಸ್ತೆಯ ಮೇಲೆ ಹೆಚ್ಚಿನ ಭಾರ ಬೀಳುತ್ತಿರಲಿಲ್ಲ. 1897ರ ಒಪ್ಪಂದದಿಂದ ಆರಂಭವಾದ ರಿಯಾಯಿತಿ ಸಾಗಣೆ ವ್ಯವಸ್ಥೆಯು 1995ರಲ್ಲಿ ಕೊನೆಗೊಂಡಿತು. ಸಣ್ಣ ಊರುಗಳ ಧಾನ್ಯ ಸಂಗ್ರಹ ಗೋಪುರಗಳು ಮುಚ್ಚಿ, ರೈತರು ಭಾರಿ ಲಾರಿಗಳಲ್ಲಿ ದೂರದ ಕೇಂದ್ರಗಳಿಗೆ ಧಾನ್ಯ ಒಯ್ಯಬೇಕಾಯಿತು. ಇಂತಹ ಭಾರಕ್ಕೆ ನಿರ್ಮಿಸದ ರಸ್ತೆಗಳು ಕುಸಿದವು. ಕೆಲವನ್ನು ಮರಳಿ ಜಲ್ಲಿ ರಸ್ತೆಗಳಾಗಿ ಪರಿವರ್ತಿಸಲಾಯಿತು. ಉಳಿತಾಯವಾದ ರೈಲು ಸಹಾಯಧನದ ಹೊರೆ ಒಂದರ್ಥದಲ್ಲಿ ರಸ್ತೆಯ ಮೇಲೆಯೇ ಬಿದ್ದಿತೆನ್ನಬಹುದು.

ಹೆದ್ದಾರಿ 32ರ ದುಸ್ಥಿತಿಯನ್ನು ಗಮನಕ್ಕೆ ತರಲು ಲೀಡರ್ ಭಾಗದ ನಿವಾಸಿಗಳು ರಸ್ತೆಯ ಗುಂಡಿಗಳ ಬಳಿ ವಿವಸ್ತ್ರರಾಗಿ ತೆಗೆಸಿಕೊಂಡ ಛಾಯಾಚಿತ್ರಗಳ ಕ್ಯಾಲೆಂಡರ್ ಹೊರತಂದರು. ಅಹವಾಲು ಸಲ್ಲಿಸುವ ವಿಧಾನವಾಗಿ ಇದು ಅಪರೂಪದ್ದಾದರೂ ವಿಷಯ ಗಂಭೀರವಾದುದೇ ಆಗಿತ್ತು.

ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿರುವಾಗ ಪ್ರಾಂತ್ಯದ ರಸ್ತೆಗಳಲ್ಲಿ ಹೆಚ್ಚಿನ ಭಾರಕ್ಕೆ ಅವಕಾಶವಿರುತ್ತದೆ. ವಸಂತದಲ್ಲಿ ಹಿಮ ಕರಗಿ ಮಣ್ಣು ಮೆತ್ತಗಾಗುವುದರಿಂದ ಆದೇಶದ ಮೂಲಕ ಭಾರಮಿತಿಯನ್ನು ಇಳಿಸಲಾಗುತ್ತದೆ. ಸರಕು ವಾಹನಗಳ ಮಾಲೀಕರು ಇದನ್ನು ಗಮನಿಸತಕ್ಕದ್ದು.

ಸೆಪ್ಟರ್‌ನ ದಕ್ಷಿಣಕ್ಕಿರುವ ಗ್ರೇಟ್ ಸ್ಯಾಂಡ್ ಹಿಲ್ಸ್ ಮರಳುದಿಬ್ಬಗಳಿಗೆ ಹೋಗುವವರಿಗೂ ಇದೇ ಮಾರ್ಗ. ಪ್ರಯಾಣಕ್ಕೆ ಮುನ್ನ ಪ್ರಾಂತ್ಯದ ಹೈವೇ ಹಾಟ್‌ಲೈನ್‌ನಲ್ಲಿ ರಸ್ತೆಯ ಸ್ಥಿತಿಯನ್ನು ತಿಳಿದುಕೊಳ್ಳುವುದು. ಊರುಗಳ ನಡುವೆ ಅಂತರ ಹೆಚ್ಚಿರುವುದರಿಂದ ವಾಹನದಲ್ಲಿ ಸಾಕಷ್ಟು ಇಂಧನ ಇರಿಸಿಕೊಳ್ಳುವುದು ಸೂಕ್ತ.