ಮನೆ ಬದಲಿಸುವಾಗ ಬೆಕ್ಕು, ನಾಯಿ, ಮಲ್ಲಿಗೆ ಗಿಡ: ನಂಬಿಕೆ ಯಾವುದು, ನಿಜ ಯಾವುದು?

ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾಗುವಾಗ ಭಟ್ಕಳ, ಹೊನ್ನಾವರ, ಕುಮಟಾ ಭಾಗದಲ್ಲಿ ರಸ್ತೆಯಂಚಿನ ಮನೆಗಳು ತೆರವಾದವು. ನೌಕರಿ, ಓದು, ಮದುವೆ ಎಂದು ಊರು ಬಿಡುವವರಂತೂ ಪ್ರತಿ ವರ್ಷ ಇದ್ದಾರೆ. ಪಾತ್ರೆ, ಮಂಚಗಳನ್ನು ಲಾರಿಗೆ ಏರಿಸಿದರೆ ಆಯಿತು. ಆದರೆ ಬೆಕ್ಕು, ನಾಯಿ, ದನ, ಅಂಗಳದ ಮಲ್ಲಿಗೆಯನ್ನು ಸಾಗಿಸುವುದು ಹಾಗಲ್ಲ. ಇಲ್ಲಿ ಚಾಲ್ತಿಯಲ್ಲಿರುವ ಕೆಲವು ನಂಬಿಕೆಗಳು ಪ್ರಾಣಕ್ಕೇ ಕುತ್ತು ತರಬಲ್ಲವು.

ನಂಬಿಕೆ 1: ಗೋಣಿಚೀಲದಲ್ಲಿ ಒಯ್ದರೆ ಬೆಕ್ಕು ದಾರಿ ಮರೆಯುತ್ತದೆ

ಇದು ನಿಜವಲ್ಲ. ಅಮೆರಿಕದ ಜೀವವಿಜ್ಞಾನಿ ಫ್ರಾನ್ಸಿಸ್ ಹೆರಿಕ್ 1922ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಿಗಳಿಂದ ದೂರ ಒಯ್ದು ಬಿಟ್ಟ ತಾಯಿಬೆಕ್ಕು ಕೆಲವು ಮೈಲಿ ದೂರದಿಂದಲೂ ಮನೆಗೆ ಮರಳಿತ್ತು. ಅಂದರೆ ದಾರಿಯನ್ನು ಕಣ್ಣಿಂದ ನೋಡದಂತೆ ಮಾಡಿದ ಮಾತ್ರಕ್ಕೆ ಅದು ಹೊಸ ಮನೆಯಲ್ಲಿ ನಿಲ್ಲುವುದಿಲ್ಲ. ಇನ್ನು ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಕಟ್ಟಿದ ಚೀಲದೊಳಗೆ ಬೆಕ್ಕಿಗೆ ಉಸಿರು ಕಟ್ಟಬಹುದು. ಅದರ ಮೈ ನಮ್ಮಂತೆ ಬೆವರಿ ತಣಿಯುವುದಿಲ್ಲ.

ಬೆಕ್ಕು ತನ್ನ ಜಾಗವನ್ನು ಗುರುತಿಸುವುದು ಹೆಚ್ಚಾಗಿ ವಾಸನೆಯಿಂದ. ಗಾಳಿಯಾಡುವ ಬುಟ್ಟಿಯಲ್ಲಿ ಒಯ್ಯಿರಿ. ಅದು ಮಲಗುತ್ತಿದ್ದ ಬಟ್ಟೆಯನ್ನು ತೊಳೆಯದೆ ಜೊತೆಗೆ ಇಡಿ. ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆ, ಆಮೇಲೆ ಇಡೀ ಮನೆ. ಎರಡು-ಮೂರು ವಾರ ಹೊರಗೆ ಬಿಡಬೇಡಿ.

ನಂಬಿಕೆ 2: ನಾಯಿಗೆ ಯಜಮಾನನಿದ್ದರೆ ಸಾಕು, ಜಾಗ ಯಾವುದಾದರೇನು

ಇದು ಅರ್ಧ ಸತ್ಯ. ನಾಯಿ ಮನುಷ್ಯರಿಗೆ ಬೇಗ ಒಗ್ಗಿಕೊಳ್ಳುತ್ತದೆ ನಿಜ, ಆದರೆ ಹೊಸ ಬೀದಿಯ ನಾಯಿಗಳು ಅದನ್ನು ಸುಮ್ಮನೆ ಬಿಡುವುದಿಲ್ಲ. ಕಚ್ಚಾಟವಾದರೆ ರೇಬಿಸ್ ಭಯ. ಲಸಿಕೆ ಹಾಕಿದ ಕೂಡಲೇ ರಕ್ಷಣೆ ಸಿಗುವುದಿಲ್ಲ. ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಹಾಕಿಸಿ, ಪಶುವೈದ್ಯರಿಂದ ಪ್ರಮಾಣಪತ್ರ ಪಡೆಯಿರಿ. ರೈಲಿನಲ್ಲಿ ಒಯ್ಯುವುದಾದರೆ ನಾಯಿಗೆ ಹವಾನಿಯಂತ್ರಿತ ಪ್ರಥಮ ದರ್ಜೆಯ ಕೂಪೆಯಲ್ಲಿ ಅಥವಾ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಮಾತ್ರ ಅವಕಾಶ. ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ದನದ ಮೈಮೇಲಿನ ಉಣುಗು

ಮಂಗನ ಕಾಯಿಲೆಯ ವೈರಾಣು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಸಿದ್ದಾಪುರ, ಹೊನ್ನಾವರ ತಾಲೂಕುಗಳಲ್ಲೂ ಈ ಕಾಯಿಲೆ ಕಂಡುಬಂದಿದೆ. ದನದಿಂದ ನೇರವಾಗಿ ನಮಗೆ ಹರಡುವುದಿಲ್ಲ. ಆದರೆ ಕಾಡಿನಲ್ಲಿ ಮೇಯುವ ದನದ ಮೈಮೇಲೆ ಉಣುಗುಗಳು ಬೆಳೆದು ಹೆಚ್ಚುತ್ತವೆ. ಕಾಡಂಚಿನ ಊರಿನಿಂದ ದನ, ನಾಯಿ ತರುವ ಮೊದಲು ಪಶುವೈದ್ಯರು ಹೇಳಿದ ಔಷಧ ಹಚ್ಚಿ. ಉಣುಗನ್ನು ಬರಿಗೈಯಲ್ಲಿ ಕಿತ್ತು ಹಿಸುಕಬೇಡಿ.

ನಂಬಿಕೆ 3: ಬೇರು ಸಮೇತ ಕಿತ್ತು ಒಳ್ಳೆಯ ದಿನ ನೆಟ್ಟರೆ ಗಿಡ ಉಳಿಯುತ್ತದೆ

ಗಿಡ ನೀರು ಹೀರುವುದು ಬೇರಿನ ತುದಿಯ ಸೂಕ್ಷ್ಮ ರೋಮಗಳಿಂದ. ಕೀಳುವಾಗ ಅವು ಹರಿದು ಹಳೆಯ ಮಣ್ಣಿನಲ್ಲೇ ಉಳಿಯುತ್ತವೆ. ಎಲೆಗಳಿಂದ ಮಾತ್ರ ನೀರು ಆರುತ್ತಲೇ ಇರುತ್ತದೆ. ಹೀಗಾಗಿ ಹಳೆಯ ದೊಡ್ಡ ಗಿಡ ಯಾವ ಮುಹೂರ್ತದಲ್ಲಿ ನೆಟ್ಟರೂ ಒಣಗುವ ಸಾಧ್ಯತೆಯೇ ಹೆಚ್ಚು.

ಅಜ್ಜಿ ನೆಟ್ಟ ಭಟ್ಕಳ ಮಲ್ಲಿಗೆಯನ್ನು ಬಿಟ್ಟುಹೋಗಬೇಕೆಂದು ಇದರರ್ಥವಲ್ಲ. ಒಂದು ಗೆಲ್ಲನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು ಬೇರು ಬರಿಸಿ, ಇಲ್ಲವೇ ಮಳೆಗಾಲದ ಆರಂಭದಲ್ಲಿ ಕಡ್ಡಿ ನೆಡಿ. ಹಾಗೆ ಹುಟ್ಟಿದ ಗಿಡ ಆ ಜಾತಿಯದ್ದು ಮಾತ್ರವಲ್ಲ, ವಂಶವಾಹಿಗಳ ಲೆಕ್ಕದಲ್ಲಿ ಅದೇ ಗಿಡ. ಮಾವಿನ ಗೊರಟಿಗೆ ಈ ಮಾತು ಅನ್ವಯಿಸುವುದಿಲ್ಲ. 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಅಂಕೋಲೆಯ ಕರಿ ಈಶಾಡಿನ ರುಚಿ ಹಾಗೆಯೇ ಬೇಕಾದರೆ ಕಸಿ ಗಿಡವನ್ನೇ ಒಯ್ಯಬೇಕು.

ಕುಂಡದ ಗಿಡಗಳನ್ನು ಘಟ್ಟದ ಮೇಲೆ ಒಯ್ದಾಗ ಒಣ ಗಾಳಿಗೆ ಎಲೆ ಉದುರಬಹುದು. ಒಂದೆರಡು ವಾರ ನೆರಳಿನಲ್ಲಿಟ್ಟು ನಿಧಾನವಾಗಿ ಬಿಸಿಲಿಗೆ ತನ್ನಿ.

ಹಳೆಯ ಮಣ್ಣನ್ನೂ ಒಯ್ಯಬೇಕೇ?

ಬೇಡ. ಕಾಳುಮೆಣಸಿನ ಶೀಘ್ರ ಸೊರಗು ರೋಗ ಮಣ್ಣಿನಲ್ಲೇ ಉಳಿದು ಹರಡುತ್ತದೆ. ಬಳ್ಳಿ ಸತ್ತ ತೋಟದ ಒಂದು ಬುಟ್ಟಿ ಮಣ್ಣು ಹೊಸ ಊರಿನ ತೋಟಕ್ಕೂ ರೋಗ ತರಬಹುದು. ಆಫ್ರಿಕನ್ ಬಸವನಹುಳುವಿನ ಮೊಟ್ಟೆಗಳೂ ಹೀಗೆಯೇ ಸಾಗುತ್ತವೆ.

ಒಟ್ಟಿನಲ್ಲಿ ತಯಾರಿ ಸಾಮಾನು ಕಟ್ಟುವ ದಿನ ಶುರುವಾದರೆ ತಡವಾಯಿತು. ಗಿಡಕ್ಕೆ ಒಂದು ಮಳೆಗಾಲ, ನಾಯಿಯ ಲಸಿಕೆಗೆ ಒಂದು ತಿಂಗಳು, ಬೆಕ್ಕಿಗೆ ಹೋದ ಮೇಲೆ ಮೂರು ವಾರ ಎಂದು ಎತ್ತಿಡಿ.